ನೀರಿಗೆ ಏನೂ ಹಾಕಿಲ್ಲ

ನಮ್ಮ ಭಾವನನ್ನು ಬೀದಿಯವರೆಲ್ಲ ಕಾಂಪೌಂಡರ್ ಎಂದೇ ಕರೆಯುವುದು. ಹೆಸರು ಹಿಡಿದು ಕೂಗಿದರೆ ಅವರು ತಿರುಗಿ ನೋಡುವುದೂ ಅನುಮಾನ. ಮೂವತ್ತಾರು ವರ್ಷದಿಂದ ಒಂದೇ ಔಷಧಿ ಅಂಗಡಿ, ಒಂದೇ ಕೌಂಟರು, ಮೂರು ಕಾಲಿನ ಒಂದೇ ಸ್ಟೂಲು. ಬೆಳಿಗ್ಗೆ ಹತ್ತಕ್ಕೆ ಹೋಗುತ್ತಾರೆ, ಸಂಜೆ ಆರೂವರೆಗೆ ಬರುತ್ತಾರೆ. ಮಾಲೀಕರು ಮೂವರು ಬದಲಾದರು, ಇವರು ಮಾತ್ರ ಕದಲಲಿಲ್ಲ. ಎಷ್ಟು ಸೋಪು ಹಾಕಿ ತಿಕ್ಕಿದರೂ ಬೆರಳುಗಳಿಂದ ಅಂಗಡಿಯ ವಾಸನೆ ಹೋಗುವುದಿಲ್ಲ.

ಕಹಿ ಮರೆಸುವುದರಲ್ಲಿ ಅವರದು ಎತ್ತಿದ ಕೈ. ಮಾತ್ರೆ ನುಂಗುವುದಿಲ್ಲ ಎಂದು ಹಟ ಹಿಡಿದ ಮಕ್ಕಳನ್ನು ಸೊಂಟದ ಮೇಲೆ ಕೂರಿಸಿಕೊಂಡು ತಾಯಂದಿರು ಎಲ್ಲಿಂದೆಲ್ಲಿಂದಲೋ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಭಾವ ಪಿಂಗಾಣಿಯ ಪುಟ್ಟ ಒರಳಿನಲ್ಲಿ ಮಾತ್ರೆಯನ್ನು ನುಣ್ಣಗೆ ಅರೆದು, ಜೇನಿನಲ್ಲೋ ಹಣ್ಣಿನ ರಸದಲ್ಲೋ ಕಲಸಿ, ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಒಂದು ಚಮಚ ಬಾಯಿಗೆ ಇಟ್ಟರೆ ಮಗು ಇನ್ನೊಂದು ಚಮಚ ಕೇಳುತ್ತಿತ್ತು. ರೋಗಿಗೆ ಗೊತ್ತಾಗಬಾರದು, ಗೊತ್ತಾದರೆ ಅರ್ಧ ಔಷಧಿ ದಂಡ ಎನ್ನುವುದು ಅವರ ಮಾತು. ಇದನ್ನು ಅವರು ಎಷ್ಟು ಸಲ ಹೇಳಿದ್ದಾರೆಂದರೆ, ಅಂಗಡಿಯ ಗೋಡೆಗೂ ಬಾಯಿಪಾಠವಾಗಿರಬೇಕು.

ನಾನು ಅವರ ಹೆಂಡತಿಯ ತಂಗಿ. ಅವರ ಮನೆಯ ಮಹಡಿಯಲ್ಲಿ ಎರಡು ಕೋಣೆ ನನ್ನವು. ಒಂದರಲ್ಲಿ ಹೊಲಿಗೆ ಯಂತ್ರ, ಇನ್ನೊಂದರಲ್ಲಿ ನಾನು. ಪ್ಯಾಂಟಿನ ಕಾಲು ಮಡಚುವುದು, ಜಿಪ್ಪು ಬದಲಿಸುವುದು, ಪರದೆ ಹೊಲಿಯುವುದು ನನ್ನ ಕಸುಬು. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಎಲ್ಲರಿಗೂ ಗೊತ್ತು. ಬೀದಿಯಲ್ಲಿ ನನ್ನ ಹೆಸರು ಕತ್ತರಿ, ಅದು ಕಸುಬಿಗೆ ಬಂದ ಹೆಸರಲ್ಲ, ನಾಲಿಗೆಗೆ ಬಂದದ್ದು. ಮದುವೆ ಗಿದುವೆಯೆಲ್ಲ ನಿನ್ನ ಬಾಯಿಗೆ ಹೆದರಿ ಓಡಿಹೋಯಿತು ಎಂದು ಅಕ್ಕ ನಗುತ್ತಿದ್ದಳು. ಅಕ್ಕ ತೀರಿಕೊಂಡು ಆರು ವರ್ಷವಾಯಿತು. ಆ ಆರು ವರ್ಷ ನಾನು ಭಾವನ ಅಡುಗೆಮನೆಯಲ್ಲಿ ಒಂದು ತುತ್ತು ತಿನ್ನಲಿಲ್ಲ, ಒಂದು ಲೋಟ ನೀರನ್ನೂ ಮುಟ್ಟಲಿಲ್ಲ. ಮಾತಾಡುತ್ತಿದ್ದೆ, ಜಗಳವಾಡುತ್ತಿದ್ದೆ, ಅವರ ಅಂಗಿಯ ಗುಂಡಿ ಹಾಕಿಕೊಡುತ್ತಿದ್ದೆ. ಅವರ ಕೈಯಿಂದ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ, ಅಷ್ಟೆ.

ಅದಕ್ಕೆ ಕಾರಣವಿತ್ತು. ಅಕ್ಕನಿಗೆ ಹುಟ್ಟಾ ಮಾತ್ರೆ ಎಂದರೆ ಆಗದು, ಗಂಟಲಲ್ಲೇ ನಿಂತು ವಾಂತಿಯಾಗುತ್ತಿತ್ತು. ಕೊನೆಯ ಕಾಯಿಲೆಯಲ್ಲಿ ದಿನಕ್ಕೆ ಏಳು ಮಾತ್ರೆ ಬರೆದುಕೊಟ್ಟರು. ಭಾವ ಏಳನ್ನೂ ಅರೆದು ಅವಳ ಗಂಜಿಯಲ್ಲಿ, ಹಾಲಿನಲ್ಲಿ, ಹಣ್ಣಿನಲ್ಲಿ ಸೇರಿಸಿ ಕೊಟ್ಟರು. ಹದಿನೈದು ದಿನ ಅವಳಿಗೆ ಗೊತ್ತಾಗಲಿಲ್ಲ. ಹದಿನಾರನೇ ದಿನ ಬಟ್ಟಲಿನ ತಳದಲ್ಲಿ ಬಿಳಿ ಹುಡಿ ಕಂಡಳು. ಅವಳು ಕೂಗಾಡಲಿಲ್ಲ. ನನ್ನನ್ನು ಕರೆದು, "ಇನ್ಮೇಲೆ ಬಾಯಿಗೆ ಇಟ್ಟಿದ್ದೆಲ್ಲ ಔಷಧಿ ಅನ್ನಿಸುತ್ತೆ ಕಣೇ. ನನಗೆ ಹೇಳಿ ಕೊಟ್ಟಿದ್ರೆ ಕಷ್ಟಪಟ್ಟಾದ್ರೂ ನುಂಗ್ತಿದ್ದೆ," ಎಂದಳು. ಆಮೇಲೆ ನಾನು ಮಹಡಿಯಲ್ಲಿ ಬೇಯಿಸಿ ತಂದದ್ದನ್ನು ಮಾತ್ರ ಎರಡು ಚಮಚ ತಿನ್ನುತ್ತಿದ್ದಳು. ಗಂಡನ ಕೈಯಿಂದ ತೆಗೆದುಕೊಂಡದ್ದು ನೀರೊಂದನ್ನೇ. ಹೆಂಡತಿಯ ಬಾಯಿ ಕಟ್ಟಿಸಿದವರು ಎಂದು ನಾನು ಅವರ ಮೇಲೆ ಹಲ್ಲು ಮಸೆದೆ. ಅವಳು ನೀರು ಮಾತ್ರ ಕುಡಿದದ್ದು ಅವರಿಗೆ ಕೊಟ್ಟ ಶಿಕ್ಷೆ ಎಂದುಕೊಂಡೆ. ಸುಳ್ಳೇಕೆ ಹೇಳಲಿ, ಆ ಶಿಕ್ಷೆ ಸರಿಯಾಗಿಯೇ ಇದೆ ಎಂದು ಒಳಗೊಳಗೇ ಸಮಾಧಾನವೂ ಆಗಿತ್ತು.

ಅಕ್ಕ ಬಿಟ್ಟುಹೋದದ್ದು ಒಂದು ನಾಯಿ. ಬೇಕರಿಯ ಹಿಂದಿನ ಹಿಟ್ಟಿನ ಚೀಲಗಳ ನಡುವೆ ಸಿಕ್ಕ ಕಂದುಬಣ್ಣದ ಹೆಣ್ಣುಮರಿ, ಒಂದು ಕಿವಿ ನಿಂತದ್ದು, ಒಂದು ಮಡಚಿದ್ದು. ಬಂದ ಮೂರನೇ ದಿನಕ್ಕೇ ಯಾರು ಎಲ್ಲಿ ಕೂರಬೇಕು, ಬಾಗಿಲು ಯಾವಾಗ ತೆಗೆಯಬೇಕು ಎನ್ನುವುದನ್ನೆಲ್ಲ ಅವಳೇ ತೀರ್ಮಾನಿಸತೊಡಗಿದ್ದರಿಂದ ಅಕ್ಕ ಅವಳಿಗೆ ಯಜಮಾನಿ ಎಂದು ಹೆಸರಿಟ್ಟಳು. ಅಕ್ಕ ಹೋದ ಮೇಲೆ ಆ ಮನೆಗೆ ಯಜಮಾನಿ ಎಂದು ಉಳಿದದ್ದು ಅವಳೊಬ್ಬಳೇ. ಸಂಜೆ ಆರೂವರೆಗೆ ಬಾಗಿಲಲ್ಲಿ ಕೂತಿರುತ್ತಿದ್ದಳು. ಭಾವ ಚಪ್ಪಲಿ ಬಿಡುವ ಮೊದಲು ಜೇಬಿನಿಂದ ಒಂದು ರಸ್ಕ್ ತೆಗೆದು ಅಂಗೈ ಮೇಲೆ ಇಡುತ್ತಿದ್ದರು. ಅದನ್ನು ಅವಳು ಕಸಿಯುತ್ತಿರಲಿಲ್ಲ, ಮೂತಿ ಓರೆ ಮಾಡಿ ತುಟಿಯ ತುದಿಯಿಂದ ಎತ್ತಿಕೊಳ್ಳುತ್ತಿದ್ದಳು. ಹನ್ನೊಂದು ವರ್ಷ ಇದು ಒಂದು ದಿನವೂ ತಪ್ಪಿರಲಿಲ್ಲ.

ಈ ಸಲದ ಬೇಸಗೆ ಮುಗಿಯುವ ಹೊತ್ತಿಗೆ ಅವಳು ಬೊಗಸೆಗಟ್ಟಲೆ ನೀರು ಕುಡಿಯಲು ಶುರು ಮಾಡಿದಳು, ಊಟ ಅರ್ಧ ಬಿಟ್ಟಳು, ಬೆನ್ನಿನ ಮೂಳೆ ಕೈಗೆ ಸಿಗತೊಡಗಿತು. ಪ್ರಾಣಿಗಳ ಡಾಕ್ಟರಮ್ಮ ರಕ್ತ ತೆಗೆದು ಪರೀಕ್ಷೆ ಮಾಡಿ, ಎರಡೂ ಕಿಡ್ನಿ ಮುಕ್ಕಾಲು ಭಾಗ ಹೋಗಿದೆ ಎಂದರು. ವಾಸಿಯಾಗುವುದಿಲ್ಲ, ಆದರೆ ಮಾತ್ರೆ ಹೊಟ್ಟೆಗೆ ಹೋಗಿ, ಜೊತೆಗೆ ಊಟವೂ ಹೋದರೆ ಇನ್ನೂ ಆರು ತಿಂಗಳು ಸಿಗಬಹುದು ಎಂದರು. ಮೂರು ಥರ ಮಾತ್ರೆ ಬರೆದರು. ಬಾಯಿ ತೆರೆಸಿ ನಾಲಿಗೆಯ ಹಿಂದಕ್ಕೆ ಇಟ್ಟು, ಮೂತಿ ಮುಚ್ಚಿ, ಗಂಟಲು ಸವರುವುದನ್ನು ಎರಡು ಸಲ ತೋರಿಸಿಕೊಟ್ಟರು. ಆಮೇಲೆ ಒಂದು ಮಾತು ಹೇಳಿದರು.

"ದಿನಾ ತಿನ್ನೋ ಊಟದಲ್ಲಿ ಬೆರೆಸೋಕೆ ಹೋಗಬೇಡಿ ಸರ್. ಅವಳಿಗೆ ಇಷ್ಟವಾದದ್ದು ಒಂದನ್ನಾದ್ರೂ ಚೊಕ್ಕವಾಗಿ ಬಿಡಿ. ಅದಕ್ಕೆ ಮಾತ್ರ ಯಾವತ್ತೂ ಔಷಧಿ ಸೋಕಿಸಬೇಡಿ."

ಭಾವ ತಲೆಯಾಡಿಸಿದರು. ಆ ತಲೆಯಾಡಿಸುವಿಕೆ ನನಗೆ ಗೊತ್ತು. ಡಾಕ್ಟರುಗಳ ಚೀಟಿ ಓದುವಾಗ ಮೂವತ್ತಾರು ವರ್ಷದಿಂದ ಹಾಗೆಯೇ ತಲೆಯಾಡಿಸಿದವರು ಅವರು. ನೀವು ಬರೆಯಿರಿ, ಕುಡಿಸುವುದು ನನಗೆ ಗೊತ್ತು ಎನ್ನುವುದು ಅದರ ಅರ್ಥ. ಮನೆಗೆ ಬಂದವರೇ ಕಪಾಟಿನಿಂದ ಪಿಂಗಾಣಿ ಒರಳು ಇಳಿಸಿದರು.

ಅದು ಅಕ್ಕನ ಮಾತ್ರೆ ಅರೆದ ಒರಳು. ನಾನು ಮೆಟ್ಟಿಲ ಮೇಲೆ ನಿಂತು ನೋಡಿದೆ. ಡಾಕ್ಟರಮ್ಮ ಅಷ್ಟು ಹೇಳಿದ್ದು ಕಿವಿಗೆ ಬಿತ್ತೋ ಇಲ್ಲವೋ ಎಂದು ಕೇಳಿದೆ. ಬಾಯಿ ಬಿಡಿಸಿ ತುರುಕಿದರೆ ಅವಳಿಗೆ ಭಯವಾಗುತ್ತದೆ, ಗೊತ್ತಾಗದ ಹಾಗೆ ಕೊಟ್ಟರೆ ಅವಳಿಗೂ ನೆಮ್ಮದಿ, ನಮಗೂ ನೆಮ್ಮದಿ ಎಂದರು. ಹುಟ್ಟುಗುಣ ಸುಟ್ಟರೂ ಹೋಗದು ಎಂದುಕೊಂಡು ಮೇಲೆ ಹೋದೆ.

ಮೂರು ದಿನ ಅವರದೇ ಸರಿಯಾಯಿತು. ಅನ್ನಕ್ಕೆ ಕೋಳಿ ಬೇಯಿಸಿದ ನೀರು ಹಾಕಿ, ಅದರಲ್ಲಿ ಪುಡಿ ಕಲಸಿದರೆ ಯಜಮಾನಿ ತಟ್ಟೆ ನೆಕ್ಕಿದಳು. ಭಾವ ನನ್ನನ್ನು ಕೆಳಗೆ ಕರೆದು ಖಾಲಿ ತಟ್ಟೆ ತೋರಿಸಿದರು. ನಾಲ್ಕನೇ ದಿನ ಅವಳು ತಟ್ಟೆಯ ಹತ್ತಿರ ಬಂದು, ಮೂಸಿ, ಒಂದು ಹೆಜ್ಜೆ ಹಿಂದೆ ಸರಿದು, ಅವರ ಮುಖ ನೋಡಿದಳು. ಅನ್ನದ ಕಥೆ ಅಲ್ಲಿಗೆ ಮುಗಿಯಿತು. ಆಮೇಲೆ ಬರೀ ಅನ್ನ ಹಾಕಿದರೂ ಮುಟ್ಟಲಿಲ್ಲ. ಮೊಟ್ಟೆಗೆ ಬದಲಾಯಿಸಿದರು, ಅದು ಎರಡು ದಿನ ನಡೆಯಿತು. ಬೇಯಿಸಿದ ಆಲೂಗಡ್ಡೆ ಒಂದು ದಿನ. ಬೆಣ್ಣೆ ಸವರಿದ ಬ್ರೆಡ್ಡು ಒಂದೇ ಹೊತ್ತು. ಬಾಳೆಹಣ್ಣನ್ನು ಮೂಸಿಯೂ ನೋಡಲಿಲ್ಲ. ನೀನು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುತ್ತೇನೆ ಎನ್ನುವ ಹಾಗಿತ್ತು ಅವಳ ಲೆಕ್ಕಾಚಾರ. ನನಗೆ ಮೊದಮೊದಲು ನಗುವೇ ಬಂತು. ಬೀದಿಯಲ್ಲಿ ಎಲ್ಲರಿಗೂ ನಾಮ ಹಾಕಿದ ಕಾಂಪೌಂಡರಿಗೆ ಕೊನೆಗೆ ಸರಿಯಾದ ರೋಗಿ ಸಿಕ್ಕಳು ಎಂದು ಬೇಕರಿಯವನೂ ನಕ್ಕ. ಹತ್ತು ದಿನ ಕಳೆದಾಗ ಅವಳನ್ನು ಔಷಧಿ ಅಂಗಡಿಯ ತೂಕದ ಯಂತ್ರದ ಮೇಲೆ ನಿಲ್ಲಿಸಿದೆವು. ಮೂರು ಕಿಲೋ ಕಡಿಮೆಯಾಗಿದ್ದಳು. ಆಮೇಲೆ ಯಾರೂ ನಗಲಿಲ್ಲ.

ರಸ್ಕ್ ಒಂದು ಉಳಿದಿತ್ತು. ಸಂಜೆ ಆರೂವರೆಯ ರಸ್ಕನ್ನು ಅವಳು ಆಗಲೂ ತೆಗೆದುಕೊಳ್ಳುತ್ತಿದ್ದಳು. ದಿನವಿಡೀ ಹೊಟ್ಟೆಗೆ ಬೀಳುತ್ತಿದ್ದದ್ದು ಅದೊಂದೇ. ಅದೊಂದನ್ನು ಬಿಟ್ಟುಬಿಡಿ ಎಂದು ನಾನು ಭಾವನಿಗೆ ಹೇಳಿದ್ದೆ, ಬೇಡಿಕೊಂಡಿದ್ದೆ ಎಂದರೂ ತಪ್ಪಲ್ಲ. ಅವರು ಎರಡು ದಿನ ತಡೆದರು. ಮೂರನೇ ದಿನ ರಸ್ಕಿನ ಒಂದು ಬದಿಯನ್ನು ಸಣ್ಣಗೆ ಕೊರೆದು, ಪುಡಿ ತುಂಬಿ, ಮೇಲೆ ಅದರದೇ ತರಿ ಮೆತ್ತಿ ಅಂಗಡಿಯಿಂದಲೇ ತಂದರು. ನಾನು ಮೇಲಿನ ಕಿಟಕಿಯಲ್ಲಿದ್ದೆ. ಅವಳು ಎಂದಿನಂತೆ ಮೂತಿ ಓರೆ ಮಾಡಿ ಎತ್ತಿಕೊಂಡಳು, ಅರ್ಧ ಅಗಿದಳು, ನಿಲ್ಲಿಸಿದಳು. ಅಗಿದದ್ದನ್ನು ಅವರ ಚಪ್ಪಲಿಯ ಪಕ್ಕದಲ್ಲಿ ಉಗಿದು ಒಳಗೆ ಹೋದಳು. ಮಾರನೆಯ ಸಂಜೆ ಆರೂವರೆಗೆ ಬಾಗಿಲಲ್ಲಿ ಯಾರೂ ಇರಲಿಲ್ಲ. ಭಾವ ಜೇಬಿನಲ್ಲಿ ಕೈ ಇಟ್ಟುಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತರು.

ಆಮೇಲೆ ಡಾಕ್ಟರಮ್ಮ ಹೇಳಿದ ದಾರಿಗೇ ಬಂದರು. ನಾನು ಅವಳ ಮುಂಗಾಲು ಹಿಡಿಯುವುದು, ಅವರು ಬಾಯಿ ತೆರೆಸುವುದು. ಅವಳು ಒಂದು ದಿನವೂ ಕಚ್ಚಲಿಲ್ಲ, ಗುರ್ ಎನ್ನಲೂ ಇಲ್ಲ. ಮಾತ್ರೆ ಹಿಂದಕ್ಕೆ ಹೋಯಿತು, ಗಂಟಲು ಸವರಿದೆವು, ನುಂಗಿದಳು ಎಂದುಕೊಂಡೆವು. ಒಂದು ವಾರ ಹೀಗೆ ನಡೆದ ಮೇಲೆ ನಾನು ಕಸ ಗುಡಿಸುವಾಗ ಚಪ್ಪಲಿ ಇಡುವ ಗೂಡಿನ ಹಿಂದೆ ಹನ್ನೊಂದು ಮಾತ್ರೆ ಸಿಕ್ಕವು. ಕೆನ್ನೆಯಲ್ಲಿ ಅಡಗಿಸಿಟ್ಟುಕೊಂಡು, ನಾವು ಅತ್ತ ಹೋದ ಮೇಲೆ ಅಲ್ಲಿ ಬಿಟ್ಟುಬರುತ್ತಿದ್ದಳು. ಭಾವ ನೆಲದ ಮೇಲೆ ಕೂತು ಅವನ್ನು ಒಂದೊಂದಾಗಿ ಅಂಗೈಗೆ ಎತ್ತಿಕೊಂಡರು. ಇದು ಭಾನುವಾರದ್ದು, ಇದರ ಅಂಚು ಕರಗಿದೆ, ಇದು ನಿನ್ನೆಯದು ಎಂದು ಹೇಳುತ್ತಾ ಹೋದರು. ಮೂವತ್ತಾರು ವರ್ಷದಲ್ಲಿ ಯಾರೂ ನನ್ನ ಔಷಧಿಯನ್ನು ವಾಪಸು ಕೊಟ್ಟಿರಲಿಲ್ಲ ಎಂದರು. ಸಮಾಧಾನದ ಮಾತು ನನ್ನ ಬಾಯಿಗೆ ಬರುವುದಿಲ್ಲ, ಪೊರಕೆ ಹಿಡಿದು ಉಳಿದ ಕಸ ಗುಡಿಸಿದೆ.

ಅದೇ ದಿನ ಮಧ್ಯಾಹ್ನ ಒಂದು ಸಂಗತಿ ನಡೆಯಿತು. ಯಜಮಾನಿ ತಡೆದು ತಡೆದು ಮೆಟ್ಟಿಲು ಹತ್ತಿ ನನ್ನ ಹೊಲಿಗೆ ಕೋಣೆಗೆ ಬಂದು, ಯಂತ್ರದ ಪೆಡಲಿನ ಪಕ್ಕದಲ್ಲಿ ಮಲಗಿದಳು. ನಾನು ಬೇಯಿಸಿದ ಕೋಳಿ ತುಂಡಿನ ಜೊತೆ ರೊಟ್ಟಿ ತಿನ್ನುತ್ತಿದ್ದೆ. ಕೈ ಸುಮ್ಮನೆ ಕೆಳಗೆ ಇಳಿಬಿಟ್ಟಿದ್ದೆ, ಬೆರಳಲ್ಲಿ ಒಂದು ತುಂಡು ಇತ್ತು. ಅವಳು ಮೂಸಿದಳು, ಮತ್ತೆ ಮೂಸಿದಳು, ಮೂತಿ ಓರೆ ಮಾಡಿ ಎತ್ತಿಕೊಂಡಳು. ನಾನು ಉಸಿರು ಬಿಗಿಹಿಡಿದು ಇನ್ನೊಂದು ಕೊಟ್ಟೆ. ಒಟ್ಟು ಐದು ತುಂಡು ತಿಂದಳು. ಮಾರನೆಯ ದಿನ ಎಂಟು. ಅದರ ಮರುದಿನ ತಾನೇ ಬಂದು ನನ್ನ ಮೊಣಕಾಲಿಗೆ ಮೂತಿ ತಾಗಿಸಿ ಕೇಳಿದಳು. ನನಗಾದ ಸಂತೋಷದಲ್ಲಿ ಯಾರದೋ ಪ್ಯಾಂಟಿನ ಎಡಗಾಲನ್ನು ಒಂದು ಬೆರಳು ಗಿಡ್ಡ ಹೊಲಿದುಬಿಟ್ಟೆ.

ಭಾವನಿಗೆ ಗೊತ್ತಾಗದೆ ಇರುತ್ತದೆಯೇ. ಅವರು ಅಂಗಡಿಗೆ ಹೊರಡುವ ಮೊದಲು ಮೇಲೆ ಬಂದರು. ಬಾಗಿಲಲ್ಲೇ ನಿಂತು, ಕೈಯಲ್ಲಿದ್ದ ಮಾತ್ರೆಯ ಹಾಳೆಯನ್ನು ತಿರುಗಿಸುತ್ತಾ, ನಿನ್ನ ಕೈಯಿಂದ ತಿನ್ನುತ್ತಾಳಂತಲ್ಲ ಎಂದರು. ಆಮೇಲೆ ದಿನಕ್ಕೆ ಅರ್ಧವಾದರೂ ಹಾಕಿ ಕೊಡು ಎಂದು ಕೇಳಿದರು.

ನನ್ನ ಆರು ವರ್ಷದ ಕೋಪವೆಲ್ಲ ಒಟ್ಟಿಗೇ ಬಾಯಿಗೆ ಬಂತು. "ಅಕ್ಕನ ಬಾಯಿ ಕಟ್ಟಿಸಿದ್ರಿ. ಈಗ ಇವಳದ್ದೂ ಆಯ್ತು. ಉಳಿದಿರೋದು ನನ್ನ ಕೈ ಒಂದು, ಅದೂ ಹಾಳಾಗಬೇಕಾ ಭಾವ?"

ಅವರು ಸಿಟ್ಟಾಗಲಿಲ್ಲ. "ಹಾಳಾದ್ರೆ ಹಾಳಾಗ್ಲಿ," ಎಂದರು. "ಅವಳು ಇದ್ರೆ ಸಾಕು."

ಮಾತ್ರೆಯ ಹಾಳೆಯನ್ನು ನನ್ನ ಮೇಜಿನ ಮೇಲೆ, ದಾರದ ಉಂಡೆಗಳ ಪಕ್ಕದಲ್ಲಿ ಇಟ್ಟು ಇಳಿದುಹೋದರು. ನಾನು ಅದನ್ನು ಕಿಟಕಿಯಿಂದ ಎಸೆಯಬೇಕಿತ್ತು. ಎಸೆಯಲಿಲ್ಲ. ಒಂದು ದಿನ ಪೂರ್ತಿ ಅದನ್ನು ನೋಡುತ್ತಾ ಹೊಲಿದೆ. ತಿನ್ನುವುದೇನೋ ತಿನ್ನುತ್ತಿದ್ದಾಳೆ, ಮಾತ್ರೆ ಇಲ್ಲದೆ ತಿಂದು ಏನು ಪ್ರಯೋಜನ, ರಕ್ತದಲ್ಲಿ ವಿಷ ಏರುತ್ತಲೇ ಇದೆಯಲ್ಲ ಎಂದು ಮನಸ್ಸು ಹೇಳುತ್ತಿತ್ತು. ಭಾವ ಅರೆದು ಕೆಟ್ಟರು, ಪುಡಿಯ ವಾಸನೆ ಎಲ್ಲಾ ಕಡೆ ಹರಡಿತು, ನಾನಾದರೆ ಹಾಗೆ ಮಾಡುವುದಿಲ್ಲ ಎಂದೂ ಹೇಳಿತು. ಪ್ಯಾಂಟಿನ ಕಾಲಿಗೆ ನಾನು ಹಾಕುವ ಕಾಣದ ಹೊಲಿಗೆಯನ್ನು ಭೂತಗನ್ನಡಿ ಹಿಡಿದರೂ ಹುಡುಕಲಾರಿರಿ. ಆ ಜಂಬ ನನಗಿತ್ತು. ಊರಿಗೆಲ್ಲ ಬುದ್ಧಿ ಹೇಳಿದವಳು ಮಾರನೆಯ ದಿನ ಸಣ್ಣ ಕತ್ತರಿಯಿಂದ ಕೋಳಿ ತುಂಡಿನ ಎಳೆಗಳ ನಡುವೆ ಜೇಬು ಮಾಡಿ, ಅರ್ಧ ಮಾತ್ರೆಯನ್ನು ಒಳಗೆ ತಳ್ಳಿ, ಎಳೆಗಳನ್ನು ಮತ್ತೆ ಕೂಡಿಸಿ ಒತ್ತಿದೆ. ಎಲ್ಲಿ ಸೀಳಿದ್ದೆ ಎಂದು ನನಗೇ ಕಾಣಲಿಲ್ಲ.

ಮೊದಲು ಎರಡು ತುಂಡು ಬರಿಯವು ಕೊಟ್ಟೆ, ತಿಂದಳು. ಮೂರನೆಯದು ಅದು. ಬಾಯಿಗೆ ತೆಗೆದುಕೊಂಡಳು. ಅವಳ ಹಲ್ಲಿಗೆ ಮಾತ್ರೆ ಸಿಕ್ಕು ಕಟ್ ಎಂದದ್ದು ನನಗೂ ಕೇಳಿಸಿತು. ಬಾಯಿ ಬಿಟ್ಟಳು, ಎಲ್ಲವೂ ನೆಲಕ್ಕೆ ಬಿತ್ತು. ನನ್ನನ್ನು ನೋಡಿದಳು. ಆ ನೋಟದಲ್ಲಿ ಬೈಗುಳವಿದ್ದಿದ್ದರೆ ನಾನು ತಿರುಗಿ ಬೈದು ಹಗುರಾಗುತ್ತಿದ್ದೆನೇನೋ. ಅದೇನೂ ಇರಲಿಲ್ಲ. ಓ, ನೀನೂ ಎಂದಷ್ಟೇ ಇತ್ತು. ನಾಲ್ಕನೆಯ ತುಂಡನ್ನು ಬರಿದಾಗಿ ಹಿಡಿದೆ, ಐದನೆಯದನ್ನು ನಾನೇ ಅರ್ಧ ತಿಂದು ತೋರಿಸಿ ಹಿಡಿದೆ. ಅವಳು ಎದ್ದು, ಒಂದೊಂದೇ ಮೆಟ್ಟಿಲು ಇಳಿದು ಹೋದಳು. ಮತ್ತೆ ಮೇಲೆ ಬರಲಿಲ್ಲ.

ಸಂಜೆ ಭಾವ ಬಂದಾಗ ನಾನೇ ಕೆಳಗೆ ಹೋಗಿ ಹೇಳಿದೆ. ಆ ತುಂಡನ್ನೂ ಕಾಗದದಲ್ಲಿ ಸುತ್ತಿಕೊಂಡು ಹೋಗಿದ್ದೆ, ಯಾಕೆಂದು ನನಗೇ ಗೊತ್ತಿಲ್ಲ. ಅವರು ಕನ್ನಡಕ ಏರಿಸಿ ಅದನ್ನು ತಿರುಗಿಸಿ ನೋಡಿದರು. "ಎಷ್ಟು ಚೆನ್ನಾಗಿ ಮುಚ್ಚಿದೀಯ," ಎಂದರು. "ನನ್ನ ಕೈಲೂ ಇಷ್ಟು ನಾಜೂಕಾಗಿ ಆಗ್ತಿರಲಿಲ್ಲ."

ಕೆಲಸ ಬಲ್ಲವನೊಬ್ಬ ಇನ್ನೊಬ್ಬರಿಗೆ ಹೇಳುವ ಹಾಗೆ, ಮನಸ್ಸಿನಿಂದಲೇ ಹೇಳಿದರು. ಅದಕ್ಕೇ ನನಗೆ ತಡೆಯಲಾಗಲಿಲ್ಲ. ಅವರ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಅತ್ತೆ. ಆರು ವರ್ಷ ಈ ಮನುಷ್ಯನನ್ನು ಕಲ್ಲು ಎಂದುಕೊಂಡಿದ್ದೆ. ಅವರು ಏಳು ಮಾತ್ರೆ ಅರೆಯುತ್ತಿದ್ದಾಗ ಅವರ ಮನಸ್ಸಿನಲ್ಲಿ ಇದ್ದದ್ದೇ ನಾನು ಜೇಬು ಸೀಳುತ್ತಿದ್ದಾಗ ನನ್ನ ಮನಸ್ಸಿನಲ್ಲೂ ಇದ್ದದ್ದು. ಅವಳು ಇರಲಿ, ಹೇಗಾದರೂ ಇರಲಿ ಎನ್ನುವುದು ಬಿಟ್ಟು ಬೇರೇನೂ ಅಲ್ಲ.

ಭಾವ ಗೋಡೆಗೆ ಒರಗಿ ನೆಲದ ಮೇಲೆ ಕೂತರು. ಅವತ್ತೇ ಮೊದಲು ಅಕ್ಕನ ಮಾತು ತೆಗೆದರು. ಹೇಳಿ ಕೊಡಲು ಹೋಗಿ ಅವಳು ಬೇಡ ಎಂದುಬಿಟ್ಟರೆ ಏನು ಮಾಡುವುದು ಎಂಬ ಭಯವಿತ್ತಂತೆ. ಬೇಡ ಎಂದದ್ದನ್ನು ಕೇಳಿಸಿಕೊಂಡ ಮೇಲೆ ಕೊಡುವ ಹಾಗಿಲ್ಲ, ಕೇಳಿಸಿಕೊಳ್ಳದಿದ್ದರೆ ಕೊಡಬಹುದು ಎಂದುಕೊಂಡೆ ಎಂದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಎಂದು ನಾನು ಇನ್ನೊಂದು ದಿನವಾದರೆ ಹೇಳುತ್ತಿದ್ದೆ. ಅವತ್ತು ಹೇಳಲಿಲ್ಲ.

"ನೀರು ಮಾತ್ರ ಯಾಕೆ ನನ್ನ ಕೈಲಿ ಕುಡೀತಿದ್ಲು ಗೊತ್ತಾ ನಿನಗೆ?" ಎಂದು ಕೇಳಿದರು. "ನಾನೂ ಒಂದಿನ ಕೇಳಿದೆ. ನೀರಿಗೆ ಏನು ಹಾಕಿದ್ರೂ ಕಾಣುತ್ತಲ್ಲ, ಅದಕ್ಕೆ ಅಂದ್ಲು. ಲೋಟ ಬೆಳಕಿಗೆ ಹಿಡಿದು ನೋಡಿ ಕುಡೀತಿದ್ಲು. ನಾನು ಅಂಗಡೀಲಿ ಬಾಟ್ಲಿ ಹಿಡಿದು ನೋಡೋ ಹಾಗೆ."

ನಾನು ಶಿಕ್ಷೆ ಎಂದುಕೊಂಡದ್ದು ಶಿಕ್ಷೆಯಾಗಿರಲಿಲ್ಲ. ಅವರ ಕೈಯಿಂದ ಏನನ್ನಾದರೂ ತೆಗೆದುಕೊಳ್ಳಬೇಕು ಎಂದು ಅವಳಿಗೆ ಆಸೆಯಿತ್ತು, ಅವಳು ನಂಬಬಹುದಾಗಿದ್ದದ್ದು ಅದೊಂದೇ ಆಗಿತ್ತು.

ಆ ವಾರದಲ್ಲಿ ಯಜಮಾನಿ ಪೂರ್ತಿ ಕೈಚೆಲ್ಲಿದಳು. ಡಾಕ್ಟರಮ್ಮನ ಸ್ಟೀಲಿನ ಮೇಜಿನ ಮೇಲೆ ಎರಡು ದಿನ ಸೂಜಿಯಲ್ಲಿ ನೀರು ಏರಿಸಿದರು, ಎದ್ದು ನಿಲ್ಲುವಷ್ಟೂ ಆಗಲಿಲ್ಲ. ಮೂರನೆಯ ದಿನ ಡಾಕ್ಟರಮ್ಮ ಕೈಗವಸು ಬಿಚ್ಚಿ, ಬೇಕೆಂದರೆ ಇಂಜೆಕ್ಷನ್ ಕೊಟ್ಟು ಮಲಗಿಸುತ್ತೇನೆ ಎಂದು ಮೆಲ್ಲಗೆ ಹೇಳಿದರು. ಭಾವ, ಇನ್ನೂ ನನ್ನ ಕೈಯಲ್ಲಿ ನೀರು ಕುಡಿಯುತ್ತಿದ್ದಾಳೆ ಡಾಕ್ಟರೇ, ಅದನ್ನು ನಿಲ್ಲಿಸಿದ ದಿನ ಕರೆದುಕೊಂಡು ಬರುತ್ತೇನೆ ಎಂದರು. ಅದು ನಿಜ. ಊಟವೆಲ್ಲ ಬಿಟ್ಟರೂ, ಅವರು ಅಂಗೈಯನ್ನು ಬಟ್ಟಲು ಮಾಡಿ ನೀರು ಹಿಡಿದರೆ ನಾಲಿಗೆ ಚಾಚಿ ನಾಲ್ಕು ಗುಟುಕು ಕುಡಿಯುತ್ತಿದ್ದಳು. ನಾನು ಅಂಗೈಯಲ್ಲಿ ಹಿಡಿದರೆ ನೀರನ್ನೂ ಮುಟ್ಟಲಿಲ್ಲ.

ನೀರು ಕುಡಿಯುತ್ತಾಳೆ ಎಂದು ಕೇಳಿದ ಮೇಲೆ ಡಾಕ್ಟರಮ್ಮ ಸ್ವಲ್ಪ ಯೋಚಿಸಿ ಕಪಾಟಿನಿಂದ ಒಂದು ಸಣ್ಣ ಬಾಟಲಿ ತೆಗೆದುಕೊಟ್ಟರು. ಹನಿ ಔಷಧಿ. ನೀರಿಗೆ ಹತ್ತು ಹನಿ ಹಾಕಿದರೆ ಸಾಕು, ಬಣ್ಣವಿಲ್ಲ, ವಾಸನೆಯೂ ಇಲ್ಲವೆನ್ನುವಷ್ಟು ಕಡಿಮೆ. ಹೊಟ್ಟೆಯ ಸಂಕಟ ಇಳಿದರೆ ಒಂದೆರಡು ತುತ್ತು ತಿನ್ನಲೂಬಹುದು, ಹತ್ತು ದಿನ ಸಿಗಬಹುದು, ಸಿಗದೆಯೂ ಇರಬಹುದು ಎಂದರು.

ಮನೆಗೆ ಬಂದು ಅವಳನ್ನು ಅಕ್ಕನ ಹಳೆಯ ಕಂಬಳಿಯ ಮೇಲೆ ಮಲಗಿಸಿದೆವು. ಭಾವ ಗಾಜಿನ ಲೋಟದಲ್ಲಿ ನೀರು ತಂದು ಕಿಟಕಿಯ ಬಳಿ ನಿಂತರು. ಬಾಟಲಿಯ ಮುಚ್ಚಳ ತೆಗೆದರು. ಒಂದು ಹನಿ ಬಿಟ್ಟು, ಲೋಟವನ್ನು ಬೆಳಕಿಗೆ ಹಿಡಿದರು. ಏನೂ ಕಾಣಲಿಲ್ಲ. ಹನಿ ಬಿದ್ದ ಗುರುತೂ ಇರಲಿಲ್ಲ. ನಾನು ಪಕ್ಕದಲ್ಲೇ ಇದ್ದೆ. ಮೂವತ್ತಾರು ವರ್ಷದಿಂದ ಅವರು ಹುಡುಕುತ್ತಿದ್ದ ಔಷಧಿ ಅದೇ ಇರಬೇಕು. ಅವರು ಎರಡನೆಯ ಹನಿ ಬಿಡಲಿಲ್ಲ. ಲೋಟವನ್ನು ಹಾಗೇ ಬೆಳಕಿಗೆ ಹಿಡಿದು ನಿಂತೇ ಇದ್ದರು.

"ಹಾಕಿ ಭಾವ," ಎಂದೆ. ಹೌದು, ನಾನೇ ಹೇಳಿದ್ದು. "ಇದು ಅವಳಿಗೆ ಗೊತ್ತಾಗಲ್ಲ. ಹತ್ತು ದಿನ ಅಂದಿದಾರೆ."

"ಗೊತ್ತಾಗಲ್ಲ," ಎಂದರು. "ಅದಕ್ಕೇ ಬೇಡ."

ಅಷ್ಟು ಹೇಳಿ ಅವರು ಅಡುಗೆಮನೆಗೆ ಹೋಗಿ ಆ ನೀರನ್ನು ಚೆಲ್ಲಿ, ಲೋಟವನ್ನು ಮೂರು ಸಲ ತೊಳೆದು, ಬೇರೆ ನೀರು ಹಿಡಿದರು. ನನಗೆ ಸಿಟ್ಟು ನೆತ್ತಿಗೇರಿತು. ಬಾಳಿಡೀ ಕದ್ದು ಕುಡಿಸಿದವರಿಗೆ ಇವತ್ತು ಧರ್ಮ ನೆನಪಾಯಿತೇ, ಅದೂ ಕೆಲಸಕ್ಕೆ ಬರುವ ಔಷಧಿ ಕೈಗೆ ಬಂದಾಗ ಎಂದು ಕೂಗಿದೆ. ಅವರು ಕಂಬಳಿಯ ಪಕ್ಕದಲ್ಲಿ ಕೂತು ಅಂಗೈಯಲ್ಲಿ ನೀರು ಹಿಡಿದರು. ಯಜಮಾನಿ ಮೂಸಿದಳು. ಆಮೇಲೆ ನಾಲಿಗೆ ಚಾಚಿ ಕುಡಿದಳು, ನಿಧಾನವಾಗಿ ಕುಡಿದಳು, ಕೈ ಖಾಲಿಯಾದ ಮೇಲೂ ಬೆರಳುಗಳ ಸಂದಿಯನ್ನು ನೆಕ್ಕಿದಳು. ಅಂಗಡಿಯ ವಾಸನೆ ಹೋಗದ ಆ ಬೆರಳುಗಳನ್ನು.

ಮತ್ತೆ ಎರಡು ದಿನ ಹಾಗೆಯೇ ನಡೆಯಿತು. ಅಕ್ಕ ಹೋದ ಮೇಲೆ ಭಾವ ಮೊದಲ ಸಲ ಅಂಗಡಿಗೆ ರಜೆ ಹಾಕಿದರು. ನಾನು ಕೋಳಿ ಬೇಯಿಸಿದೆ, ಹಾಲು ಕಾಯಿಸಿದೆ, ತಟ್ಟೆಯನ್ನು ದೂರದಲ್ಲಿಟ್ಟು ಮರೆಯಲ್ಲಿ ನಿಂತೆ. ಅವಳು ಯಾವುದನ್ನೂ ನೋಡಲಿಲ್ಲ. ಏನಾದರೊಂದು ತಿಂದಾಳು, ಒಂದು ತುತ್ತಾದರೂ ತಿಂದಾಳು ಎಂದು ಕಣ್ಣಲ್ಲಿ ಕಣ್ಣಿಟ್ಟು ಕಾದದ್ದಷ್ಟೇ ಬಂತು. ಭಾವ ಒಂದು ರಸ್ಕನ್ನು ಅವಳ ಎದುರೇ ಪೊಟ್ಟಣ ಬಿಚ್ಚಿ ತೆಗೆದು, ಮುರಿದು, ಎರಡೂ ಬದಿ ತೋರಿಸಿ ಅಂಗೈ ಮೇಲೆ ಇಟ್ಟರು. ಅವಳು ಮೂತಿಯನ್ನು ರಸ್ಕಿನ ಪಕ್ಕದಲ್ಲಿ, ಅವರ ಮಣಿಕಟ್ಟಿನ ಮೇಲೆ ಇಟ್ಟು ಕಣ್ಣು ಮುಚ್ಚಿದಳು. ತಿನ್ನಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ನೀರನ್ನೂ ಬಿಟ್ಟಳು. ಭಾವ ಅಂಗೈ ಹಿಡಿದರು, ನೀರು ಬೆರಳ ಸಂದಿಯಿಂದ ಸೋರಿ ಕಂಬಳಿ ಒದ್ದೆಯಾಯಿತು. ಹೊರಡೋಣ ಎಂದು ಗಾಡಿಗೆ ಹೇಳಿ ಕಳಿಸಿದೆವು. ಗಾಡಿ ಬರುವಷ್ಟರಲ್ಲಿ, ಹತ್ತು ಗಂಟೆಯ ಬಿಸಿಲು ಇನ್ನೂ ಬಾಗಿಲ ಹತ್ತಿರ ಇರುವಾಗಲೇ, ಅವಳು ಹೋದಳು. ಹೆಚ್ಚು ಒದ್ದಾಡಲಿಲ್ಲ. ಹಿತ್ತಿಲಿನಲ್ಲಿ ಭಾವ ಅಗೆದರು, ನಾನು ಮಣ್ಣು ಎಳೆದೆ. ಆ ಸಣ್ಣ ಬಾಟಲಿ ಕಿಟಕಿಯ ಮೇಲೆ ತುಂಬಿದಂತೆಯೇ ಇತ್ತು.

ಕೈ ತೊಳೆದು ಬಂದು ಅಡುಗೆಮನೆಯ ಮೇಜಿನ ಆಚೆ ಈಚೆ ಕೂತೆವು. ಭಾವ ಆ ಬಾಟಲಿಯನ್ನು ತಂದು ಎದುರಿಗೆ ಇಟ್ಟುಕೊಂಡು ನೋಡುತ್ತಿದ್ದರು. ಹಾಕಿದ್ದರೆ ಇವತ್ತೂ ಇರುತ್ತಿದ್ದಳೇನೋ ಎಂದರು, ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಅದನ್ನೇ ಹೇಳಿದರು. ನಾನು ಹೌದು ಎನ್ನಲಿಲ್ಲ, ಇಲ್ಲ ಎಂದು ಹೇಳಲೂ ಆಗಲಿಲ್ಲ, ಯಾಕೆಂದರೆ ಇರುತ್ತಿದ್ದಳೇನೋ. ಮಣ್ಣಿನ ಧೂಳಿಗೋ ಅಳುವಿಗೋ ನನಗೆ ಕೆಮ್ಮು ಹತ್ತಿತು, ಬಿಡಲೇ ಇಲ್ಲ.

ಭಾವ ಎದ್ದು ಗಾಜಿನ ಲೋಟದಲ್ಲಿ ನೀರು ಹಿಡಿದು ತಂದರು. ನನಗೆ ಕೊಡುವ ಮೊದಲು ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು, ನನಗೆ ಕಾಣುವಂತೆ ತಿರುಗಿಸಿದರು.

"ನೀರಿಗೆ ಏನೂ ಹಾಕಿಲ್ಲ," ಎಂದರು. "ನೋಡ್ಕೊಂಡು ಕುಡಿ."

ನಾನು ಲೋಟ ಇಸಿದುಕೊಂಡು ನೋಡದೆ ಕುಡಿದೆ.